ದವಾಖಾನೆ ಕೈ ಬದಲಾಗುವಾಗ ರೋಗಿಯ ಗುಟ್ಟು ಕಾಯುವವರು ಯಾರು?

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ಕನ್ನಡಿಗರಿಗೆ ಹಿಂದಿನಿಂದಲೂ ಎರಡು ಆಸರೆಗಳು. ಒಂದು, ಊರಿನವರನ್ನೆಲ್ಲ ಒಂದೆಡೆ ಸೇರಿಸುವ ಸಂಘ. ಇನ್ನೊಂದು, ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಸುಖದುಃಖ ವಿಚಾರಿಸಿ ನಾಡಿ ಹಿಡಿಯುವ ಡಾಕ್ಟರು. ಹೋಟೆಲ್ ಕಾರ್ಮಿಕ, ಬ್ಯಾಂಕ್ ನೌಕರ, ರಾತ್ರಿ ಶಾಲೆಯ ವಿದ್ಯಾರ್ಥಿ, ಎಲ್ಲರೂ ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲು ಹೋಗುತ್ತಿದ್ದುದು ಈ ಡಾಕ್ಟರರ ಬಳಿಗೆ. ಅಂತಹ ದವಾಖಾನೆಯ ಕಪಾಟಿನಲ್ಲಿ ಒಂದೇ ಮನೆಯ ಮೂರು ತಲೆಮಾರಿನ ಕಾಯಿಲೆ-ಕಸಾಲೆಗಳ ಕಾರ್ಡುಗಳು ಸಾಲಾಗಿ ಕುಳಿತಿರುತ್ತವೆ. ಈಚಿನ ವರ್ಷಗಳಲ್ಲಿ ಆ ಕಾರ್ಡುಗಳ ಜಾಗಕ್ಕೆ ಕಂಪ್ಯೂಟರ್ ಬಂದಿದೆ.

ಈಗ ಕಾಲ ಬದಲಾಗಿದೆ. ಆ ತಲೆಮಾರಿನ ವೈದ್ಯರಿಗೆ ವಯಸ್ಸಾಗಿದೆ. ಮಕ್ಕಳು ಬೇರೆ ಉದ್ಯೋಗದಲ್ಲೋ ವಿದೇಶದಲ್ಲೋ ಇದ್ದಾರೆ. ದವಾಖಾನೆಯಿದ್ದ ಹಳೆಯ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುತ್ತದೆ, ಇಲ್ಲವೇ ಯಾವುದೋ ಪಾಲಿಕ್ಲಿನಿಕ್ಕಿನ ಪಾಲಾಗುತ್ತದೆ. ಸಂಘ-ಸಂಸ್ಥೆಗಳು ನಡೆಸುವ ರಿಯಾಯಿತಿ ದರದ ಚಿಕಿತ್ಸಾ ಕೇಂದ್ರಗಳ ಕತೆಯೂ ಇದೇ. ಈ ವರ್ಷ ಒಂದು ಆಸ್ಪತ್ರೆಯ ಸಹಯೋಗ, ಮುಂದಿನ ವರ್ಷ ಇನ್ನೊಂದರದು. ಇಂತಹ ಬದಲಾವಣೆಯ ಸಂದರ್ಭದಲ್ಲಿ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಠೇವಣಿ, ಬಾಡಿಗೆ ಕರಾರು, ಇಸಿಜಿ ಯಂತ್ರ, ಕುರ್ಚಿ-ಮೇಜುಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಎಷ್ಟು ಫ್ಯಾನು, ಎಷ್ಟು ಟ್ಯೂಬ್‌ಲೈಟು ಎಂಬುದೂ ಪಟ್ಟಿಯಾಗುತ್ತದೆ. ಆದರೆ ಸಾವಿರಾರು ರೋಗಿಗಳ ದಾಖಲೆ ಯಾರ ಕೈಯಿಂದ ಯಾರ ಕೈಗೆ, ಯಾವ ಬಗೆಯಲ್ಲಿ ಹೋಗಬೇಕೆಂಬುದು ಠರಾವಿನಲ್ಲಿ ಬರುವುದು ಅಪರೂಪ. ಕೊನೆಯ ದಿನ ರಿಜಿಸ್ಟರುಗಳನ್ನು ಹಗ್ಗದಿಂದ ಕಟ್ಟಿ ಟೆಂಪೋಗೆ ಹಾಕಿ, ಕಂಪ್ಯೂಟರಿನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿ ಕೊಟ್ಟರೆ ಹಸ್ತಾಂತರ ಮುಗಿಯಿತೆಂದು ಭಾವಿಸಲಾಗುತ್ತದೆ. ಈ ಅಸಡ್ಡೆ ಇನ್ನು ನಡೆಯದು.

ಕಾಗದದಲ್ಲಿರುವುದು ಕಾಯಿಲೆ ಮಾತ್ರವಲ್ಲ

ರೋಗಿಯ ದಾಖಲೆಯಲ್ಲಿ ಹೆಸರು, ವಿಳಾಸ, ದೂರವಾಣಿ ಸಂಖ್ಯೆಯಷ್ಟೇ ಇರುವುದಿಲ್ಲ. ಒಬ್ಬನಿಗೆ ಕ್ಷಯ ಬಂದಿತ್ತೆಂಬುದು ಅದರಲ್ಲಿದೆ. ಒಬ್ಬಳು ಮದುವೆಗೆ ಮೊದಲು ಮನೋವೈದ್ಯರನ್ನು ಕಂಡಿದ್ದಳೆಂಬುದು ಅದರಲ್ಲಿದೆ. ಯಾರಿಗೆ ಮಕ್ಕಳಾಗಲಿಲ್ಲ, ಯಾಕೆ ಆಗಲಿಲ್ಲ, ಯಾರ ಕುಡಿತ ಎಲ್ಲಿಗೆ ಮುಟ್ಟಿತ್ತು, ಯಾರ ರಕ್ತದಲ್ಲಿ ಯಾವ ಸೋಂಕಿತ್ತು ಎಂಬುದೆಲ್ಲ ಅದರಲ್ಲಿದೆ. ಹೆಂಡತಿಯೊಡನೆ ಆಡದ ಮಾತನ್ನು ಮನುಷ್ಯ ಡಾಕ್ಟರರೊಡನೆ ಆಡುತ್ತಾನೆ. ಆ ಮಾತು ನಾಲ್ಕು ಗೋಡೆಯೊಳಗೇ ಉಳಿಯುತ್ತದೆಂಬ ನಂಬಿಕೆಯೇ ಅದಕ್ಕೆ ಕಾರಣ.

ಹೊರನಾಡಿನ ಕನ್ನಡ ಸಮಾಜದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಮುಂಬಯಿ ಎಷ್ಟೇ ದೊಡ್ಡದಾದರೂ ಕನ್ನಡಿಗರ ವಲಯ ಚಿಕ್ಕದು. ಡೊಂಬಿವಲಿಯಲ್ಲಿ ಆಡಿದ ಮಾತು ಮಾಟುಂಗಾ ತಲುಪಲು ಒಂದು ಮದುವೆ ಊಟ ಸಾಕು, ಅಲ್ಲಿಂದ ಊರಿಗೆ ಮುಟ್ಟಲು ಒಂದು ಫೋನ್ ಕರೆ ಸಾಕು. ಕ್ಷಯ ಪೂರ್ಣ ವಾಸಿಯಾಗಿದ್ದರೂ ಅಡುಗೆಮನೆಯಲ್ಲಿ ದುಡಿಯುವ ಹುಡುಗನ ಕೆಲಸಕ್ಕೆ ಕುತ್ತು ಬರಬಹುದು. ಎಂದೋ ತೆಗೆದುಕೊಂಡ ಒಂದು ಮಾತ್ರೆಯ ಹೆಸರಿನಿಂದ ಹೆಣ್ಣು ಮಗಳೊಬ್ಬಳ ಸಂಬಂಧ ಮುರಿಯಬಹುದು. ಕಳೆದ ಹಣ ದುಡಿದರೆ ಬಂದೀತು, ಬಯಲಾದ ಗುಟ್ಟು ಮರಳಿ ಬಾರದು.

ಇದು ಒಂದು ಮುಖ. ಗುಟ್ಟು ಹೊರಬೀಳದೆಯೂ ಅನಾಹುತವಾಗಬಹುದೆಂಬುದು ಇನ್ನೊಂದು ಮುಖ. ಪೆನ್ಸಿಲಿನ್ ಆಗದವರ ಕಾರ್ಡಿನ ಮೇಲೆ ಹಳೆಯ ಡಾಕ್ಟರು ಕೆಂಪು ಶಾಯಿಯಲ್ಲಿ ಗೆರೆ ಎಳೆದಿರುತ್ತಾರೆ. ಹೊಸ ಕಂಪ್ಯೂಟರಿಗೆ ವಿವರ ಸೇರಿಸುವಾಗ ಆ ಕೆಂಪು ಗೆರೆ ಬಿಟ್ಟುಹೋದರೆ? ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಔಷಧಿ ಸೇವಿಸಬೇಕು. ನಡುವೆ ದವಾಖಾನೆ ಬದಲಾಗಿ, ಎಷ್ಟು ತಿಂಗಳು ಮುಗಿದಿದೆ ಎಂಬ ದಾಖಲೆಯೇ ಸಿಗದಿದ್ದರೆ? ಹಾಗಾಗಿ ದಾಖಲೆ ಸೋರಲೂ ಬಾರದು, ಕಳೆಯಲೂ ಬಾರದು, ಒಬ್ಬರದು ಇನ್ನೊಬ್ಬರಿಗೆ ಸೇರಲೂ ಬಾರದು. ಸುರಕ್ಷಿತ ಸ್ಥಳಾಂತರವೆಂದರೆ ಈ ಮೂರೂ ಸೇರಿದ್ದು.

ಬ್ಯಾಂಕುಗಳ ವಿಲೀನ ಕಲಿಸಿದ ಪಾಠ

ಕರಾವಳಿ ಮೂಲದ ಕನ್ನಡಿಗರಿಗೆ ದಾಖಲೆಗಳ ಸ್ಥಳಾಂತರ ಹೊಸ ವಿಷಯವಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಉಡುಪಿಯಲ್ಲಿ 1925ರಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್ ಮತ್ತು 1906ರಲ್ಲಿ ಆರಂಭವಾದ ಕಾರ್ಪೊರೇಶನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಬ್ಯಾಂಕ್ ಹಾಗೂ ಯೂನಿಯನ್ ಬ್ಯಾಂಕ್ ಸೇರಿದವು. ವಿಲೀನ ಒಂದೇ ದಿನದಲ್ಲಿ ಆದರೂ ಖಾತೆಗಳ ಸ್ಥಳಾಂತರ ಒಂದೇ ದಿನದಲ್ಲಿ ಆಗಲಿಲ್ಲ. ಗ್ರಾಹಕರಿಗೆ ಮುಂಚಿತವಾಗಿ ತಿಳಿಸಿ, ಹಂತಹಂತವಾಗಿ ಮಾಡಲಾಯಿತು. ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ನಿಂತದ್ದು 2021ರ ಜುಲೈ 1ರಿಂದ, ಅಂದರೆ ವಿಲೀನವಾಗಿ ವರ್ಷ ಕಳೆದ ಮೇಲೆ.

ಬ್ಯಾಂಕಿನ ಶಿಸ್ತು ಸರಳವಾದದ್ದು. ಹೊರಟ ಖಾತೆಗಳೆಷ್ಟು, ತಲುಪಿದವೆಷ್ಟು? ಹೊರಟ ಮೊತ್ತವೆಷ್ಟು, ತಲುಪಿದ್ದೆಷ್ಟು? ಎರಡೂ ತಾಳೆಯಾಗುವ ತನಕ ಹಳೆಯ ಪುಸ್ತಕ ಮುಚ್ಚುವಂತಿಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬ ಪರಿಶೀಲಿಸಬೇಕು. ಭದ್ರತಾ ಕೋಣೆಯ ಎರಡು ಬೀಗದ ಕೈ ಒಬ್ಬನ ಬಳಿಯೇ ಇರಬಾರದು. ಈ ಶಿಸ್ತು ತಪ್ಪಿದರೆ ದೊಡ್ಡವರೂ ಎಡವುತ್ತಾರೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಸುಮಾರು 50 ಲಕ್ಷ ಗ್ರಾಹಕರ ಖಾತೆಗಳನ್ನು ಒಂದೇ ಸಲಕ್ಕೆ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಸಾಗಿಸಲು ಹೋಗಿ, ಲಕ್ಷಾಂತರ ಜನರಿಗೆ ತಮ್ಮ ಖಾತೆಯೇ ತೆರೆಯದಂತಾಯಿತು. ಕೆಲವರಿಗೆ ಬೇರೆಯವರ ಖಾತೆಯ ವಿವರ ಕಾಣಿಸಿತು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು ವಿಧಿಸಿದ ದಂಡ 4 ಕೋಟಿ 86 ಲಕ್ಷ ಪೌಂಡ್‌ಗೂ ಹೆಚ್ಚು.

ಆದರೂ ಬ್ಯಾಂಕಿನ ತಪ್ಪಿಗೆ ಒಂದು ಪರಿಹಾರವಿದೆ. ತಪ್ಪು ಜಮೆಯನ್ನು ಇನ್ನೊಂದು ನಮೂದಿನಿಂದ ತಿದ್ದಬಹುದು. ಆಸ್ಪತ್ರೆಯ ದಾಖಲೆಗೆ ಆ ಸೌಲಭ್ಯವಿಲ್ಲ. ಫಿನ್ಲೆಂಡಿನ ವಸ್ತಾಮೋ ಎಂಬ ಮಾನಸಿಕ ಚಿಕಿತ್ಸಾ ಸಂಸ್ಥೆಯಿಂದ ಸುಮಾರು 33 ಸಾವಿರ ರೋಗಿಗಳ ದಾಖಲೆ ಕಳುವಾಯಿತು. 2020ರ ಅಕ್ಟೋಬರ್‌ನಲ್ಲಿ ಕಳ್ಳನು ರೋಗಿಗಳಿಗೇ ನೇರವಾಗಿ ಪತ್ರ ಕಳುಹಿಸಿ, ಹಣ ಕೊಡದಿದ್ದರೆ ವೈದ್ಯರೆದುರು ಹೇಳಿಕೊಂಡದ್ದನ್ನೆಲ್ಲ ಬಯಲಿಗಿಡುವುದಾಗಿ ಬೆದರಿಸಿದ. ಸಂಸ್ಥೆ ಮರುವರ್ಷ ದಿವಾಳಿಯಾಯಿತು. ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ 2022ರ ನವೆಂಬರ್ 23ರಂದು ನಡೆದ ಸೈಬರ್ ದಾಳಿಯಲ್ಲಿ ಐದು ಸರ್ವರ್‌ಗಳು ಬಾಧಿತವಾಗಿ, ಹೆಸರು ನೋಂದಣಿಯಿಂದ ರಕ್ತಪರೀಕ್ಷೆಯ ವರದಿಯ ತನಕ ಎಲ್ಲವನ್ನೂ ಹಲವು ದಿನ ಕೈಬರಹದಲ್ಲೇ ನಡೆಸಬೇಕಾಯಿತು. ದೇಶದ ಪ್ರತಿಷ್ಠಿತ ಆಸ್ಪತ್ರೆಯ ಪಾಡೇ ಹೀಗಾದರೆ, ಒಂದೇ ಕಂಪ್ಯೂಟರ್, ಒಂದೇ ಪಾಸ್‌ವರ್ಡ್ ಇರುವ ಚಿಕಿತ್ಸಾ ಕೇಂದ್ರದ ಗತಿಯೇನು?

ಕಾನೂನು ಏನು ಹೇಳುತ್ತದೆ?

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಅರ್ಜಿಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಇಳಿವಯಸ್ಸಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಈ ಹಿರಿಯರು 2024ರಲ್ಲಿ ನಿಧನರಾದರು. ದೇಶಕ್ಕೆಲ್ಲ ಅನ್ವಯಿಸುವ ಹಕ್ಕು ಅವರ ಹೆಸರಿನಲ್ಲೇ ಉಳಿದಿದೆ.

ವೈದ್ಯರಿಗೆ ಸಂಬಂಧಿಸಿದ 2002ರ ವೃತ್ತಿ ನಡವಳಿಕೆ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು. ರೋಗಿ ಅಥವಾ ಆತನ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ವೃತ್ತಿಯ ಮೂಲಕ ತಿಳಿದ ರೋಗಿಯ ಗುಟ್ಟನ್ನು ನ್ಯಾಯಾಲಯದ ಆದೇಶ, ಇತರರಿಗೆ ಗಂಭೀರ ಅಪಾಯ ಅಥವಾ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯಂತಹ ಸಂದರ್ಭ ಬಿಟ್ಟರೆ ಹೊರಗೆಡಹುವಂತಿಲ್ಲ. ಎಚ್‌ಐವಿ ಪೀಡಿತರ ಗೋಪ್ಯತೆಗೆ ಹಾಗೂ ಮಾನಸಿಕ ರೋಗಿಗಳ ಗೋಪ್ಯತೆಗೆ 2017ರಲ್ಲಿ ಅಂಗೀಕಾರವಾದ ಎರಡು ಪ್ರತ್ಯೇಕ ಕಾಯ್ದೆಗಳೇ ಇವೆ.

ಇವೆಲ್ಲಕ್ಕೂ ಮಿಗಿಲಾಗಿ 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಅಂದಿನಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಕಾಯ್ದೆಯ ಪ್ರಕಾರ ವಿವರ ಯಾವ ಉದ್ದೇಶಕ್ಕೆ ಬೇಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ವಿವರ ಇನ್ನೊಂದು ಸಂಸ್ಥೆಗೆ ಹೋಗುವುದಾದರೆ ಅದು ಪೂರ್ಣವೂ ನಿಖರವೂ ಆಗಿರುವಂತೆ ನೋಡಿಕೊಳ್ಳಬೇಕು. ತಕ್ಕ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿ ತನಕ ದಂಡಕ್ಕೆ ಅವಕಾಶವಿದೆ. ಸಂಘಗಳ ಸದಸ್ಯರು ನೆನಪಿಡಬೇಕಾದ ಇನ್ನೊಂದು ಅಂಶ: ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ವ್ಯಕ್ತಿಗಿರಬೇಕು. ಆ ಪಟ್ಟಿಯ 22 ಭಾಷೆಗಳಲ್ಲಿ ಕನ್ನಡವೂ ಇದೆ, ಕೊಂಕಣಿಯೂ ಇದೆ. ಮುಂಬಯಿಯ ಕನ್ನಡ ಸಂಘವೊಂದು ತನ್ನ ರೋಗಿಗಳಿಗೆ ಕನ್ನಡದಲ್ಲೇ ಸೂಚನೆ ಕೊಡದಿದ್ದರೆ ಮತ್ತಾರು ಕೊಡಬೇಕು?

ಸಮಿತಿಗಳು ಮಾಡಬೇಕಾದ್ದು

ಮೊದಲನೆಯದಾಗಿ, ಹಸ್ತಾಂತರದ ವಿಷಯ ಸಭೆಯಲ್ಲಿ ಚರ್ಚೆಗೆ ಬಂದು ಠರಾವಿನಲ್ಲಿ ದಾಖಲಾಗಬೇಕು. ಯಾವ ದಾಖಲೆ, ಎಷ್ಟು ಸಂಖ್ಯೆ, ಯಾವ ವರ್ಷದಿಂದ ಯಾವ ವರ್ಷದವರೆಗಿನದು, ಕಾಗದದಲ್ಲಿದೆಯೇ ಕಂಪ್ಯೂಟರಿನಲ್ಲಿದೆಯೇ ಎಂಬ ಪಟ್ಟಿ ಬೇಕು. ಎಲ್ಲವನ್ನೂ ಸಾಗಿಸಬೇಕೆಂದಿಲ್ಲ. ಹತ್ತು ವರ್ಷದ ಹಿಂದೆ ಒಂದು ದಿನದ ಶಿಬಿರದಲ್ಲಿ ರಕ್ತದೊತ್ತಡ ಅಳೆಸಿಕೊಂಡವರ ಹೆಸರು-ನಂಬರು ಹೊಸ ಆಸ್ಪತ್ರೆಗೆ ಯಾಕೆ? ಚಿಕಿತ್ಸೆಗೆ ಬೇಕಾದದ್ದು ಹೋಗಲಿ, ಪ್ರಚಾರದ ಕರೆಗಳಿಗೆ ಬಳಕೆಯಾಗುವಂಥದ್ದು ಹೋಗದಿರಲಿ.

ಎರಡನೆಯದಾಗಿ, ರೋಗಿಗಳಿಗೆ ಮುಂಚಿತವಾಗಿ ತಿಳಿಸಬೇಕು. ದವಾಖಾನೆಯ ಬಾಗಿಲಲ್ಲಿ ಫಲಕ, ಸಂಘದ ಮುಖವಾಣಿಯಲ್ಲಿ ಪ್ರಕಟಣೆ, ಸಾಧ್ಯವಾದಷ್ಟು ಮಂದಿಗೆ ನೇರ ಸಂದೇಶ, ಇವೆಲ್ಲ ಕನಿಷ್ಠ ತಿಂಗಳೊಂದರ ಮೊದಲೇ ಆಗಬೇಕು. ಹೊಸ ಆಸ್ಪತ್ರೆಗೆ ತನ್ನ ದಾಖಲೆ ಹೋಗುವುದು ಬೇಡ, ತನ್ನ ಕೈಗೇ ಕೊಡಿ ಎನ್ನುವವರಿಗೆ ಕೊಡಬೇಕು. ಎಚ್‌ಐವಿ ಮತ್ತು ಮಾನಸಿಕ ಚಿಕಿತ್ಸೆಯ ಕಡತಗಳನ್ನು ಬೇರೆಯಾಗಿಯೇ ಇರಿಸಿ, ಆಯಾ ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಕದಲಿಸಬಾರದು.

ಮೂರನೆಯದಾಗಿ, ಹೊಸ ಸಂಸ್ಥೆಯೊಂದಿಗೆ ಲಿಖಿತ ಕರಾರು ಬೇಕು. ದಾಖಲೆಯನ್ನು ಚಿಕಿತ್ಸೆಗಲ್ಲದೆ ಬೇರೆ ಯಾವುದಕ್ಕೂ ಬಳಸುವಂತಿಲ್ಲ, ವಿಮಾ ಏಜೆಂಟರಿಗಾಗಲಿ ಔಷಧ ಕಂಪೆನಿಗಳಿಗಾಗಲಿ ಕೊಡುವಂತಿಲ್ಲ, ಸೋರಿಕೆಯಾದರೆ ಕೂಡಲೇ ತಿಳಿಸಬೇಕು, ಸಹಯೋಗ ಮುಗಿದರೆ ಹಿಂದಿರುಗಿಸಬೇಕು ಎಂಬ ಷರತ್ತುಗಳು ಅದರಲ್ಲಿರಬೇಕು. ಕಂಪ್ಯೂಟರ್ ಕೆಲಸ ಮಾಡಿಕೊಡುವ ಹುಡುಗನಿಗೂ ಇದೇ ಷರತ್ತು ಅನ್ವಯ. ಸದಸ್ಯರ ಮಗನೆಂಬ ಕಾರಣಕ್ಕೆ ಕಾಗದಪತ್ರ ಬಿಡಲಾಗದು.

ನಾಲ್ಕನೆಯದಾಗಿ, ಸಾಗಣೆಯ ಬಗೆ. ಸಾವಿರಾರು ರೋಗಿಗಳ ವಿವರವನ್ನು ವಾಟ್ಸಾಪಿನಲ್ಲಿ, ಯಾರದೋ ಸ್ವಂತ ಇಮೇಲಿನಲ್ಲಿ ಅಥವಾ ಜೇಬಿನ ಪೆನ್‌ಡ್ರೈವಿನಲ್ಲಿ ಕಳುಹಿಸುವುದು ಸಂಬಳದ ಹಣವನ್ನು ಪಾರದರ್ಶಕ ಚೀಲದಲ್ಲಿ ಹಾಕಿ ಲೋಕಲ್ ಟ್ರೈನ್ ಹತ್ತಿದಂತೆ. ಕಡತವನ್ನು ಗೂಢಲಿಪಿಗೆ ಪರಿವರ್ತಿಸಬೇಕು, ಅಂದರೆ ಕೀಲಿ ಇಲ್ಲದವನಿಗೆ ಅದು ಓದಲಾಗದ ಅಕ್ಷರರಾಶಿಯಾಗಿ ಕಾಣುವಂತೆ ಮಾಡಬೇಕು. ಕಡತ ಒಂದು ದಾರಿಯಲ್ಲಿ ಹೋದರೆ ಕೀಲಿಯ ಪಾಸ್‌ವರ್ಡ್ ಇನ್ನೊಂದು ದಾರಿಯಲ್ಲಿ, ಇನ್ನೊಬ್ಬರ ಕೈಗೆ ಹೋಗಬೇಕು. ಕಳುಹಿಸುವಾಗ ಇಬ್ಬರು, ಪಡೆಯುವಾಗ ಇಬ್ಬರು ಹಾಜರಿದ್ದು ದಿನ, ಹೊತ್ತು, ಹೆಸರು ಬರೆದು ಸಹಿ ಹಾಕಬೇಕು. ಕಾಗದದ ರಿಜಿಸ್ಟರುಗಳಾದರೆ ಮೊಹರು ಮಾಡಿದ ಪೆಟ್ಟಿಗೆ, ಪೆಟ್ಟಿಗೆಗೊಂದು ನಂಬರು, ಜೊತೆಗೆ ಹೋಗಲು ಹೊಣೆಗಾರ ವ್ಯಕ್ತಿ ಬೇಕು.

ಐದನೆಯದಾಗಿ, ತಾಳೆ ನೋಡುವುದು. ಮೊದಲು ಬೆರಳೆಣಿಕೆಯ ದಾಖಲೆಗಳನ್ನು ಸಾಗಿಸಿ ಸರಿಯಾಗಿ ಕೂತವೇ ಎಂದು ಪರೀಕ್ಷಿಸಬೇಕು. ಆಮೇಲೆ ಉಳಿದವು. ಕಡತಕ್ಕೆ ಹ್ಯಾಶ್ ಎಂಬ ಸಂಕೇತ ತೆಗೆಯುವ ವಿಧಾನವಿದೆ. ಲೆಡ್ಜರಿನ ಪುಟದಡಿಯ ಮೊತ್ತದಂತೆ ಅದು ಕೆಲಸ ಮಾಡುತ್ತದೆ. ದಾರಿಯಲ್ಲಿ ಒಂದಕ್ಷರ ಬದಲಾದರೂ ಸಂಕೇತ ಹೊಂದುವುದಿಲ್ಲ. ಆದರೆ ಸಂಖ್ಯೆ ಹೊಂದಿದ ಮಾತ್ರಕ್ಕೆ ಸಾಲದು. ಕನ್ನಡಿಗರ ಹೆಸರುಗಳಲ್ಲೇ ಒಂದು ತೊಡಕಿದೆ. ಊರಿನಲ್ಲಿ ಇನಿಶಿಯಲ್ ಮುಂದೆ ಬರುತ್ತದೆ, ಮುಂಬಯಿಯಲ್ಲಿ ಹೆಸರು, ತಂದೆಯ ಹೆಸರು, ಉಪನಾಮ ಎಂಬ ಕ್ರಮ. ಒಂದೇ ದವಾಖಾನೆಯಲ್ಲಿ ನಾಲ್ವರು ಸುಂದರ ಶೆಟ್ಟಿಯರು, ಮೂವರು ಗಿರಿಜಾ ಪೂಜಾರಿಯರು ಇದ್ದರೆ ಅಚ್ಚರಿಯಿಲ್ಲ. ಹಳೆಯ ತಲೆಮಾರಿನ ಅನೇಕರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಂಬುದೇ ಜನ್ಮದಿನ. ಹೆಸರೂ ಹುಟ್ಟಿದ ದಿನವೂ ಒಂದೇ ಆದಾಗ ಇಬ್ಬರನ್ನು ಒಬ್ಬರೆಂದು ಕಂಪ್ಯೂಟರ್ ಸೇರಿಸಿಬಿಟ್ಟರೆ ಒಬ್ಬರ ಮಧುಮೇಹದ ಮಾತ್ರೆ ಇನ್ನೊಬ್ಬರಿಗೆ ಹೋದೀತು. ಆದ್ದರಿಂದ ಇಂತಹ ಹೆಸರುಗಳನ್ನು ಹೆಕ್ಕಿ, ವಿಳಾಸ ಮತ್ತು ಫೋನ್ ನಂಬರು ಹಿಡಿದು ಮನುಷ್ಯರೇ ಪರಿಶೀಲಿಸಬೇಕು. ಅಲರ್ಜಿ, ನಿತ್ಯದ ಔಷಧಿ, ಮುಗಿಯದ ಚಿಕಿತ್ಸೆ ಈ ಮೂರು ಕಲಮುಗಳನ್ನು ಹಳೆಯ ವೈದ್ಯರ ಕಡೆಯವರು ಕಣ್ಣಾರೆ ನೋಡಿ ಒಪ್ಪಬೇಕು.

ಆರನೆಯದಾಗಿ, ಹಳೆಯದನ್ನು ಏನು ಮಾಡುವುದು? ಕಾನೂನು ಪ್ರಕಾರ ಕಾಪಾಡಬೇಕಾದ್ದನ್ನು ಬೀಗದೊಳಗಿಟ್ಟು, ಉಳಿದದ್ದನ್ನು ನಾಶಮಾಡಿ ಅದಕ್ಕೆ ಪ್ರಮಾಣಪತ್ರ ಬರೆದಿಡಬೇಕು. ರದ್ದಿ ಅಂಗಡಿಗೆ ಕಿಲೋ ಲೆಕ್ಕದಲ್ಲಿ ಮಾರಿದ ರಿಪೋರ್ಟು ನಾಳೆ ಭೇಲ್‌ಪುರಿಯ ಪೊಟ್ಟಣವಾಗಿ ಅದೇ ಗಲ್ಲಿಯಲ್ಲಿ ಪ್ರತ್ಯಕ್ಷವಾಗಬಹುದು. ಹಳೆಯ ಕಂಪ್ಯೂಟರನ್ನು ಭಂಗಾರಿನವರಿಗೆ ಕೊಡುವ ಮುನ್ನವೂ ಎಚ್ಚರ ಬೇಕು. ಡಿಲೀಟ್ ಗುಂಡಿ ಒತ್ತಿದರೆ ಕಡತ ಅಳಿಯುವುದಿಲ್ಲ, ಪಟ್ಟಿಯಿಂದ ಹೆಸರು ಮಾತ್ರ ಹೋಗುತ್ತದೆ. ಹಾರ್ಡ್ ಡಿಸ್ಕನ್ನು ತಕ್ಕ ತಂತ್ರಾಂಶದಿಂದ ಪೂರ್ತಿ ಅಳಿಸಬೇಕು, ಇಲ್ಲವೇ ಪುಡಿಗಟ್ಟಬೇಕು.

ಸಂದೇಹಗಳಿಗೆ ಉತ್ತರ

ಇಷ್ಟೆಲ್ಲ ಸಣ್ಣ ಸಂಘಗಳಿಂದ ಸಾಧ್ಯವೇ, ಖರ್ಚು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಸಹಜ. ಕಾರ್ಯಕರ್ತರೆಲ್ಲ ಹಗಲು ದುಡಿದು ಸಂಜೆ ಸೇವೆಗೆ ಬರುವವರು. ಅವರ ನಿಷ್ಠೆಯನ್ನು ಯಾರೂ ಶಂಕಿಸುತ್ತಿಲ್ಲ. ಆದರೆ ಮೇಲೆ ಹೇಳಿದ ಕೆಲಸಗಳಲ್ಲಿ ಹಣ ಬೇಡುವುದಕ್ಕಿಂತ ಗಮನ ಬೇಡುವುದೇ ಹೆಚ್ಚು. ಕಡತವನ್ನು ಗೂಢಲಿಪಿಗೆ ಹಾಕುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪಟ್ಟಿ ಮಾಡಲು, ಎಣಿಸಲು, ಸಹಿ ಪಡೆಯಲು ನಾಲ್ಕು ಭಾನುವಾರ ಸಾಕು. ಬ್ಯಾಂಕುಗಳಿಂದ ನಿವೃತ್ತರಾದವರು, ಲೆಕ್ಕಪರಿಶೋಧಕರು, ಸಾಫ್ಟ್‌ವೇರ್ ಕ್ಷೇತ್ರದ ಯುವಕ-ಯುವತಿಯರು ಪ್ರತಿ ಸಂಘದಲ್ಲೂ ಇದ್ದಾರೆ. ಸನ್ಮಾನಕ್ಕೆ ಶಾಲು ಕೊಳ್ಳುವಷ್ಟೇ ಆಸ್ಥೆ ಇದಕ್ಕೂ ಇದ್ದರೆ ಸಾಕು.

ನಮ್ಮವರೇ ಅಲ್ಲವೇ, ಮುಚ್ಚಿಡುವುದೇನಿದೆ ಎಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ನಿಜವೆಂದರೆ ಗುಟ್ಟು ಕಾಯಬೇಕಾದದ್ದು ಪರಿಚಯವಿಲ್ಲದವರಿಂದಲ್ಲ, ಹೆಚ್ಚಾಗಿ ಪರಿಚಿತರಿಂದಲೇ. ಹೆಸರು ಗೊತ್ತಿಲ್ಲದವನಿಗೆ ಆ ಕಾಗದ ಬರಿಯ ಕಾಗದ. ಗೊತ್ತಿದ್ದವನಿಗೆ ಅದು ಸುದ್ದಿ. ಅಧ್ಯಕ್ಷರಾಗಲಿ ಕಾರ್ಯದರ್ಶಿಯಾಗಲಿ ರೋಗಿಯ ಕಡತ ತೆರೆಯುವ ಅಧಿಕಾರ ಹೊಂದಿಲ್ಲ. ಅವರು ಕಟ್ಟಡಕ್ಕೆ ಟ್ರಸ್ಟಿಗಳು, ಕಾಯಿಲೆಗಲ್ಲ.

ಕೇಂದ್ರ ಸರಕಾರ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಒಂದು ದಾರಿ ತೋರಿಸಿದೆ. ಇದರ 14 ಅಂಕಿಗಳ ಆಭಾ ಸಂಖ್ಯೆ ಪಡೆದವರ ದಾಖಲೆ ಎಲ್ಲಿ ತಯಾರಾಯಿತೋ ಅಲ್ಲೇ ಇರುತ್ತದೆ, ರೋಗಿ ಒಪ್ಪಿದಾಗ ಮಾತ್ರ ಇನ್ನೊಂದು ಆಸ್ಪತ್ರೆಗೆ ಕಾಣುತ್ತದೆ. ಇದು ಐಚ್ಛಿಕ, ಕಡ್ಡಾಯವಲ್ಲ. ಆದರೆ ಸೇರಿದವರೂ ಫೋನಿಗೆ ಬಂದ ಒಟಿಪಿಯನ್ನು ಯಾರೋ ಕೇಳಿದರೆಂದು ಹೇಳಿಬಿಟ್ಟರೆ ಎಲ್ಲ ರಕ್ಷಣೆಯೂ ವ್ಯರ್ಥ.

ಕೊನೆಯದಾಗಿ ರೋಗಿಗಳ ಹೊಣೆಯೂ ಇದೆ. ದವಾಖಾನೆ ಕೈ ಬದಲಾಗುತ್ತಿದೆ ಎಂದು ತಿಳಿದ ಕೂಡಲೇ ತಮ್ಮ ದಾಖಲೆಯ ಪ್ರತಿ ಕೇಳಿ ಪಡೆಯಬೇಕು. ಕೇಳಲು ಸಂಕೋಚ ಬೇಡ, ಅದು ಉಪಕಾರವಲ್ಲ, ಹಕ್ಕು. ಹೊಸ ವೈದ್ಯರ ಮೊದಲ ಭೇಟಿಯಲ್ಲಿ ಅಲರ್ಜಿ, ನಿತ್ಯದ ಮಾತ್ರೆಗಳ ಹೆಸರು ಸರಿಯಾಗಿ ಬಂದಿದೆಯೇ ಎಂದು ವಿಚಾರಿಸಬೇಕು. ಓದು ಬಾರದ ಹಿರಿಯರ ಪರವಾಗಿ ಮನೆಯ ಕಿರಿಯರು ಈ ಕೆಲಸ ಮಾಡಬೇಕು.

ಹೊರನಾಡಿನ ಸಂಘ-ಸಂಸ್ಥೆಗಳು ಶಾಲೆ ಕಟ್ಟಿವೆ, ಭವನ ಕಟ್ಟಿವೆ, ಬಡವರಿಗೆ ಔಷಧಿ ಕೊಟ್ಟಿವೆ. ಈ ಸೇವೆ ಶ್ಲಾಘನೀಯ. ಈ ವರ್ಷದ ಮಹಾಸಭೆಯ ಕಾರ್ಯಸೂಚಿಯಲ್ಲಿ ಇನ್ನೊಂದು ಸಾಲು ಸೇರಲಿ: ರೋಗಿಗಳ ದಾಖಲೆಯ ಪಾಲನೆ ಮತ್ತು ಹಸ್ತಾಂತರ. ಅದಕ್ಕೆ ಇಬ್ಬರು ಹೊಣೆಗಾರರನ್ನು ಹೆಸರಿಸಿ ಠರಾವು ಮಾಡಲಿ. ಭವನದ ಕೀಲಿಕೈ ಯಾರ ಬಳಿಯಿದೆ ಎಂದು ಪ್ರತಿಯೊಬ್ಬ ಸದಸ್ಯನಿಗೂ ಗೊತ್ತಿರುತ್ತದೆ. ಆ ಭವನದ ದವಾಖಾನೆಗೆ ನಂಬಿ ಬಂದವರ ಗುಟ್ಟಿನ ಕೀಲಿಕೈ ಯಾರ ಬಳಿಯಿದೆ ಎಂಬುದೂ ಗೊತ್ತಿರಲೇಬೇಕು.